ಮಲೆನಾಡಿನ ಕಾಡಿನಲ್ಲಿ ನೀಲಿ ಅಣಬೆ ಕಂಡರೆ: ಗುರುತಿಸುವ ಬಗೆ

ಮಳೆಗಾಲ ಬಲಿತ ಮೇಲೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಮೊಬೈಲ್‌ಗಳಲ್ಲಿ ಆಗೀಗ ಒಂದು ನೀಲಿ ಅಣಬೆಯ ಚಿತ್ರ ಓಡಾಡುತ್ತದೆ. ಜೊತೆಗೆ ‘ನ್ಯೂಜಿಲೆಂಡಿನ ಅಪರೂಪದ ಅಣಬೆ ನಮ್ಮೂರಿನಲ್ಲಿ ಪತ್ತೆ’ ಎಂಬ ಒಕ್ಕಣೆ ಇರುತ್ತದೆ. ಚಿತ್ರವನ್ನು ಮೇಲಿನಿಂದ ತೆಗೆದಿರುತ್ತಾರೆ. ಅದು ಯಾವ ಮರದ ಬುಡದಲ್ಲಿತ್ತು, ಮಣ್ಣಿನಿಂದ ಎದ್ದಿತ್ತೋ ಲಡ್ಡು ಹಿಡಿದ ದಿಮ್ಮಿಯಿಂದ ಎದ್ದಿತ್ತೋ, ಟೋಪಿಯ ಅಡಿಭಾಗ ಯಾವ ಬಣ್ಣದ್ದು ಎಂಬ ಒಂದು ಮಾತೂ ಇರುವುದಿಲ್ಲ. ಎರಡು ದಿನ ಕಳೆದರೆ ಅಣಬೆಯೇ ಕರಗಿಹೋಗಿರುತ್ತದೆ, ಕೇಳುವುದಕ್ಕೆ ಏನೂ ಉಳಿಯುವುದಿಲ್ಲ. ನನಗೆ ಇದು ನಿಜವಾದ ನಷ್ಟವೆನಿಸುತ್ತದೆ. ನಮ್ಮ ಕಾಡಿನ ಹಕ್ಕಿಗಳ, ಕಪ್ಪೆಗಳ ಲೆಕ್ಕ ಹಿಡಿದಷ್ಟು ಶ್ರದ್ಧೆಯಿಂದ ಅಣಬೆಗಳ ಲೆಕ್ಕವನ್ನು ಯಾರೂ ಹಿಡಿದಿಲ್ಲ. ಕಂಡವರು ಸರಿಯಾಗಿ ನೋಡಿ ಬರೆದಿಟ್ಟರೆ ಒಂದೊಂದು ಅಣಬೆಯೂ ದಾಖಲೆಯಾಗುತ್ತದೆ.

ಈ ಬರಹ ಆ ಕೆಲಸಕ್ಕಾಗಿ. ತಿನ್ನುವುದಕ್ಕೆ ಅಣಬೆ ಹುಡುಕುವವರಿಗಲ್ಲ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ನೀಲಿ ಅಣಬೆಯನ್ನು ಗುರುತಿಸುವಾಗ ತೀರಾ ಕಡಿಮೆ ನಂಬಬೇಕಾದದ್ದು ಆ ನೀಲಿಯನ್ನೇ.

ಹೆಸರು ಕೇಳಿದ ಆ ಅಣಬೆ ಯಾವುದು?

ಎಲ್ಲರೂ ಹೋಲಿಸುವ ಅಣಬೆಯ ವೈಜ್ಞಾನಿಕ ಹೆಸರು ಎಂಟೊಲೋಮಾ ಹಾಕ್‌ಸ್ಟೆಟೆರಿ. 1858ರ ಕೊನೆಯಲ್ಲಿ ನ್ಯೂಜಿಲೆಂಡಿಗೆ ಬಂದಿದ್ದ ಭೂವಿಜ್ಞಾನಿ ಫರ್ಡಿನಾಂಡ್ ಫಾನ್ ಹಾಕ್‌ಸ್ಟೆಟರ್ ಅವರ ನೆನಪಿಗೆ ಇಟ್ಟ ಹೆಸರು ಅದು. ಆ ದೇಶದ 50 ಡಾಲರಿನ ನೋಟಿನ ಮೇಲೆ ಕೊಕಾಕೊ ಎಂಬ ಹಕ್ಕಿಯ ಜೊತೆಗೆ ಈ ಅಣಬೆಯೂ ಇದೆ. ಟೋಪಿಯ ಅಗಲ ಹೆಚ್ಚೆಂದರೆ 4 ಸೆಂಟಿಮೀಟರ್, ದಂಟಿನ ಉದ್ದ 5 ಸೆಂಟಿಮೀಟರ್. ಟೋಪಿ ಎಳೆಯದರಲ್ಲಿ ಶಂಕುವಿನಂತೆ ಚೂಪು, ದಂಟು ಸಪೂರ, ಅಡಿಯಿಂದ ಮುಡಿಯವರೆಗೆ ನೀಲಿ. ಆ ನೀಲಿಗೆ ಕಾರಣ ಅಜುಲೀನ್ ಗುಂಪಿನ ವರ್ಣದ್ರವ್ಯಗಳು. ಇದರ ಹತ್ತಿರದ ಸಂಬಂಧಿ ಎಂಟೊಲೋಮಾ ವೈರೆಸೆನ್ಸ್ ಮೊದಲು ವರ್ಣಿತವಾದದ್ದು ಜಪಾನಿನ ಬೋನಿನ್ ದ್ವೀಪಗಳಿಂದ. ಅದು ಕೈತಾಗಿದ ಕಡೆ ಹಸಿರಿಗೆ ತಿರುಗುತ್ತದೆ.

ಭಾರತದಲ್ಲಿಯೂ ಇಂಥ ನೀಲಿ ಅಣಬೆಗಳು ಕಂಡ ಸುದ್ದಿ ಬಂದಿದೆ. ತೆಲಂಗಾಣದ ಕಾಗಜ್‌ನಗರದ ಕಾಡಿನ ಅಣಬೆ ಪತ್ರಿಕೆಗಳಲ್ಲಿ ಸಾಕಷ್ಟು ಜಾಗ ಪಡೆದಿತ್ತು. ಪಶ್ಚಿಮ ಘಟ್ಟದ ಮಟ್ಟಿಗೆ ನಾವು ನೆನಪಿಡಬೇಕಾದ ಸಂಗತಿ ಬೇರೆ. ಪಕ್ಕದ ಕೇರಳದ ಕಾಡುಗಳಿಂದ ಕಲ್ಲಿಕೋಟೆ ವಿಶ್ವವಿದ್ಯಾಲಯದ ತಜ್ಞರು ಎಂಟೊಲೋಮಾ ಕುಲದ ಹತ್ತಾರು ಪ್ರಭೇದಗಳನ್ನು ದಾಖಲಿಸಿದ್ದಾರೆ, ಅವುಗಳಲ್ಲಿ ಹಲವು ಹೊಸವೇ. ಆದ್ದರಿಂದ ಆಗುಂಬೆಯ ಬಳಿ ನಿಮಗೆ ಕಂಡದ್ದು ನ್ಯೂಜಿಲೆಂಡಿನದೇ ಆಗಿರಬೇಕೆಂದೇನೂ ಇಲ್ಲ, ಇಲ್ಲಿಯದೇ ಆದ ಬೇರೊಂದು ಪ್ರಭೇದವೂ ಆಗಿರಬಹುದು. ಅದಕ್ಕೆ ದೂರದ ದೇಶದ ಹೆಸರನ್ನು ಅವಸರದಿಂದ ಅಂಟಿಸಿದರೆ ಇಲ್ಲಿಯ ಹೊಸತನವೇ ಮುಚ್ಚಿಹೋಗುತ್ತದೆ.

ಹೋಗುವ ಮುನ್ನ

ಆರಿದ್ರಾ ಮಳೆಯಿಂದ ಆಶ್ಲೇಷದವರೆಗೆ, ಅಂದರೆ ಜೂನ್ ಕೊನೆಯ ವಾರದಿಂದ ಆಗಸ್ಟ್ ನಡುವಿನವರೆಗೆ ಹುಡುಕಲು ಒಳ್ಳೆಯ ಕಾಲ. ಎಡೆಬಿಡದೆ ಸುರಿಯುವ ದಿನ ಹೋಗಬೇಡಿ. ಸಣ್ಣ ಅಣಬೆಗಳು ಹೊಡೆತಕ್ಕೆ ಮುರಿದಿರುತ್ತವೆ, ಬಣ್ಣವೂ ತೊಳೆದುಹೋಗಿರುತ್ತದೆ. ಒಂದೆರಡು ದಿನ ಮಳೆ ಹೊಳವಾದಾಗ, ಬೆಳಗಿನ ಹೊತ್ತು ಹೊರಡಿ. ತರಗೆಲೆ ದಪ್ಪಗೆ ಬಿದ್ದು ನೆರಳು ಗಟ್ಟಿಯಾಗಿರುವ ಕಡೆ ನೋಡಬೇಕು: ಸಾಗರ, ಸೊರಬದ ಕಾನುಗಳು, ನಗರ ಮತ್ತು ಕೊಡಚಾದ್ರಿಯ ಇಳಿಜಾರು, ಆಗುಂಬೆಯ ಸುತ್ತಿನ ನಿತ್ಯಹರಿದ್ವರ್ಣ ಕಾಡು, ಊರ ದೇವರಕಾಡುಗಳು.

ಎಲ್ಲಿ ಕೀಳಬಹುದು, ಎಲ್ಲಿ ಕೂಡದು ಎಂಬುದನ್ನು ಮೊದಲು ತಿಳಿದುಕೊಳ್ಳಿ. ಶರಾವತಿ ಕಣಿವೆ, ಮೂಕಾಂಬಿಕಾ, ಸೋಮೇಶ್ವರ, ಭದ್ರಾ ಅಭಯಾರಣ್ಯಗಳೊಳಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ಅನುಮತಿಯಿಲ್ಲದೆ ಅಲ್ಲಿಂದ ಏನನ್ನೂ ತರುವಂತಿಲ್ಲ. ಮೀಸಲು ಅರಣ್ಯವಾದರೂ ಅರಣ್ಯ ಇಲಾಖೆಯನ್ನು ಕೇಳಿಯೇ ಮುಂದುವರಿಯಬೇಕು. ದೇವರಕಾಡಾದರೆ ಊರಿನವರ ಒಪ್ಪಿಗೆ ಪಡೆಯುವುದು ನಮ್ಮ ಮರ್ಯಾದೆ. ನಿಮ್ಮದೇ ತೋಟದ ಅಂಚಿನಲ್ಲೋ ಹಿತ್ತಿಲಿನಲ್ಲೋ ಎದ್ದಿದ್ದರೆ ಈ ತೊಡಕು ಇಲ್ಲ. ಅಡಿಕೆ ತೋಟಕ್ಕೆ ಸೊಪ್ಪು ತರುವವರ ಕಣ್ಣಿಗೆ ಬೀಳುವಷ್ಟು ಅಣಬೆ ಸಂಶೋಧಕರ ಕಣ್ಣಿಗೂ ಬೀಳುವುದಿಲ್ಲ ಎಂಬುದು ನನ್ನ ನಂಬಿಕೆ.

ಕೈಯಲ್ಲಿರಬೇಕಾದದ್ದು ಹೆಚ್ಚಿಲ್ಲ. ಒಂದು ಚಾಕು, ಅಳತೆಪಟ್ಟಿ, ಹತ್ತು ಪಟ್ಟು ಹಿಗ್ಗಿಸುವ ಸಣ್ಣ ಮಸೂರ, ಗಟ್ಟಿ ಮುಚ್ಚಳದ ಪುಟ್ಟ ಡಬ್ಬಿಗಳು, ಬಿಳಿ ಕಾಗದ, ಪೆನ್ಸಿಲ್. ಮಳೆಗೆ ಪೆನ್ನಿನ ಶಾಯಿ ಹರಡಿಬಿಡುತ್ತದೆ, ಪೆನ್ಸಿಲ್ ಬರಹ ನಿಲ್ಲುತ್ತದೆ. ಪ್ಲಾಸ್ಟಿಕ್ ಚೀಲ ಬೇಡ, ಅದರೊಳಗೆ ಅಣಬೆ ಬೆವರಿ ಗಂಟೆಯೊಳಗೆ ಮುದ್ದೆಯಾಗುತ್ತದೆ. ಒಂದು ಪುಟ್ಟ ಕೈಗನ್ನಡಿಯನ್ನೂ ಇಟ್ಟುಕೊಳ್ಳಿ. ಕೀಳದೆಯೇ ಟೋಪಿಯ ಅಡಿ ನೋಡುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಧನವಿಲ್ಲ, ಅಭಯಾರಣ್ಯದಲ್ಲಂತೂ ಅದೇ ಗತಿ. ಉಂಬಳಗಳಿಗೆ ಕಾಲುಚೀಲದ ಮೇಲೆ ಸಾಬೂನನ್ನೋ ನಶ್ಯವನ್ನೋ ಸವರಿಕೊಳ್ಳುವುದು ನಿಮಗೆ ಗೊತ್ತೇ ಇದೆ. ತರಗೆಲೆಯನ್ನು ಮಾತ್ರ ಬರಿಗೈಯಲ್ಲಿ ಸರಿಸಬೇಡಿ, ಅದೇ ಬಣ್ಣದಲ್ಲಿ ಬೆರೆತು ಕೂರುವ ಗುಳಿಮಂಡಲ ಹಾವು ಈ ಕಾಡುಗಳಲ್ಲಿದೆ. ಕೋಲಿನಿಂದ ಸರಿಸಿ.

ಮುಟ್ಟುವ ಮೊದಲು ನೋಡುವುದು

ಅಣಬೆ ಕಂಡ ಕೂಡಲೇ ಕುಳಿತು ಸುತ್ತ ನೋಡಿ. ಅದು ಯಾವುದರ ಮೇಲೆ ಬೆಳೆದಿದೆ ಎಂಬುದು ಮೊದಲ ಪ್ರಶ್ನೆ. ತರಗೆಲೆಯ ನಡುವಿನ ಮಣ್ಣಿನಿಂದಲೋ, ಕೊಳೆತ ಕೊಂಬೆಯಿಂದಲೋ, ಸಗಣಿಯಿಂದಲೋ, ಹುತ್ತದಿಂದಲೋ? ಕೆಲವೊಮ್ಮೆ ಮಣ್ಣಿನಿಂದ ಎದ್ದಂತೆ ಕಂಡದ್ದು ಕೆಳಗೆ ಹೂತ ಬೇರಿನಿಂದ ಬಂದಿರುತ್ತದೆ, ಆದ್ದರಿಂದ ಬುಡವನ್ನು ಕೆದಕಿ ನೋಡಬೇಕು. ಆಮೇಲೆ ಸುತ್ತಲಿನ ಮರಗಳು. ಧೂಪ, ಕಿರಾಲಬೋಗಿ, ಹೈಗದಂಥ ಮರಗಳ ಬೇರಿನೊಡನೆ ಕೊಡುಕೊಳ್ಳುವ ಸಂಬಂಧ ಬೆಳೆಸಿ ಬದುಕುವ ಅಣಬೆಗಳ ಗುಂಪೇ ಇದೆ. ಅಕೇಶಿಯಾ ನೆಡುತೋಪಿನಲ್ಲಿ ಸಿಗುವ ಅಣಬೆಗಳು ಬೇರೆ. ಮರದ ಹೆಸರು ಗೊತ್ತಿಲ್ಲದಿದ್ದರೆ ಎಲೆ ಮತ್ತು ತೊಗಟೆಯ ಚಿತ್ರ ತೆಗೆದುಕೊಂಡರೆ ಸಾಕು.

ಚಿತ್ರ ತೆಗೆಯುವಾಗ ನೀಲಿ ಮೋಸ ಮಾಡುತ್ತದೆ. ದಟ್ಟ ನೆರಳಿನಲ್ಲಿ ಮೊಬೈಲ್ ಕ್ಯಾಮೆರಾ ಬೂದು ಬಣ್ಣವನ್ನೂ ನೀಲಿಯಾಗಿ ತೋರಿಸುವುದುಂಟು, ಹಾಗೆಯೇ ನಿಜವಾದ ನೀಲಿಯನ್ನು ನೇರಳೆಯಾಗಿಸುವುದೂ ಉಂಟು. ಅಣಬೆಯ ಪಕ್ಕದಲ್ಲಿ ಬಿಳಿ ಕಾಗದದ ಚೂರೊಂದನ್ನು ಇಟ್ಟು ಚಿತ್ರ ತೆಗೆಯಿರಿ. ಕಾಗದವೂ ನೀಲಿಯಾಗಿ ಕಂಡರೆ ಆ ಚಿತ್ರದ ಬಣ್ಣವನ್ನು ನಂಬುವಂತಿಲ್ಲ. ಫ್ಲ್ಯಾಶ್ ಬಳಸಬೇಡಿ, ಬಣ್ಣ ತಿದ್ದುವ ಫಿಲ್ಟರ್‌ಗಳಂತೂ ಬೇಡವೇ ಬೇಡ. ಮೇಲಿನಿಂದ ಒಂದು, ಪಕ್ಕದಿಂದ ಒಂದು, ಅಡಿಯಿಂದ ಒಂದು, ಬುಡದ್ದು ಒಂದು, ಇಡೀ ಜಾಗದ್ದು ಒಂದು, ಅಳತೆಪಟ್ಟಿ ಇಟ್ಟು ಒಂದು. ಎಳೆಯದು ಮತ್ತು ಬಲಿತದ್ದು ಎರಡೂ ಇದ್ದರೆ ಎರಡನ್ನೂ ಸೆರೆಹಿಡಿಯಿರಿ.

ಕಣ್ಣಿಗೆ ಕಂಡ ಬಣ್ಣವನ್ನು ಅಲ್ಲಿಯೇ ಮಾತಿನಲ್ಲಿ ಬರೆದುಕೊಳ್ಳಿ. ನೀಲಿ ವರ್ಣದ್ರವ್ಯ ಬೇಗ ಮಾಸುತ್ತದೆ, ಮನೆಗೆ ಬರುವಷ್ಟರಲ್ಲಿ ಬೂದಿಯೋ ಹಸಿರೋ ಕಂದೋ ಆಗಿರಬಹುದು. ಬರೀ ‘ನೀಲಿ’ ಎಂದು ಬರೆದರೆ ಸಾಲದು. ಟೋಪಿಯ ನಡುಭಾಗ ಹೇಗಿದೆ, ಅಂಚು ಹೇಗಿದೆ, ದಂಟು ಟೋಪಿಗಿಂತ ಗಾಢವೇ, ಬುಡದಲ್ಲಿ ಬಿಳಿ ನೂಲಿನಂಥದ್ದು ಇದೆಯೇ ಎಂದೆಲ್ಲ ಬರೆಯಿರಿ.

ಕೀಳುವುದು, ಕೊಯ್ಯುವುದು, ಮೂಸುವುದು

ಕೀಳಬಹುದಾದ ಜಾಗದಲ್ಲಿ ಒಂದೇ ಅಣಬೆಯಿದ್ದರೆ ಬಿಟ್ಟುಬಿಡಿ, ಚಿತ್ರವೇ ಸಾಕು. ಗುಂಪಿದ್ದರೆ ಎರಡೋ ಮೂರೋ ತೆಗೆದುಕೊಳ್ಳಿ. ದಂಟು ಹಿಡಿದು ಎಳೆಯಬಾರದು, ಚಾಕುವನ್ನು ಬುಡದ ಕೆಳಗೆ ಇಳಿಸಿ ಮಣ್ಣಿನ ಸಮೇತ ಎತ್ತಬೇಕು. ಬುಡದಲ್ಲಿ ಚೀಲದಂಥ ಹೊದಿಕೆ ಇದೆಯೇ, ದಂಟಿನ ಮೇಲೆ ಉಂಗುರ ಇದೆಯೇ ಎಂಬುದು ಬಹಳ ಮುಖ್ಯ. ಎಂಟೊಲೋಮಾದಲ್ಲಿ ಇವೆರಡೂ ಇರುವುದಿಲ್ಲ. ಇದ್ದರೆ ನೀವು ಬೇರೆ ಕುಲದ ಅಣಬೆಯನ್ನು ನೋಡುತ್ತಿದ್ದೀರಿ.

ಟೋಪಿಯ ಅಡಿಯಲ್ಲಿ ಕೊಡೆಯ ಕಡ್ಡಿಗಳಂತೆ ಹರಡಿರುವ ತೆಳು ಪಟ್ಟಿಗಳಿಗೆ ಗಿಲ್ ಎನ್ನುತ್ತಾರೆ. ಅಲ್ಲಿ ಗಿಲ್‌ಗಳ ಬದಲು ಸೂಕ್ಷ್ಮ ರಂಧ್ರಗಳಿದ್ದರೆ ಅದು ಬೊಲೀಟ್ ಗುಂಪಿನದಿರಬಹುದು. ಗಿಲ್‌ಗಳಿದ್ದರೆ ಅವು ದಂಟಿಗೆ ಅಂಟಿವೆಯೇ ಅಥವಾ ದಂಟಿನ ಹತ್ತಿರ ಬಂದು ಮುಟ್ಟದೆ ನಿಂತಿವೆಯೇ ನೋಡಿ. ಒಂದು ಅಣಬೆಯನ್ನು ಉದ್ದಕ್ಕೆ ಎರಡು ಸೀಳಾಗಿ ಕೊಯ್ದರೆ ಇದು ಸ್ಪಷ್ಟವಾಗುತ್ತದೆ. ಎಂಟೊಲೋಮಾದ ಗಿಲ್‌ಗಳು ಸಾಮಾನ್ಯವಾಗಿ ದಂಟನ್ನು ಮುಟ್ಟಿರುತ್ತವೆ, ಮತ್ತು ಬಲಿತಂತೆ ಅವುಗಳ ಮೇಲೆ ನಸುಗುಲಾಬಿ ಛಾಯೆ ಕೂರುತ್ತದೆ. ಟೋಪಿ ನೀಲಿ, ಅಡಿಯಲ್ಲಿ ಗುಲಾಬಿಯ ಸುಳಿವು: ಅಷ್ಟು ಕಂಡರೆ ಮುಂದಿನ ಹೆಜ್ಜೆಗಳನ್ನು ಬಿಡದೆ ಮಾಡಿ.

ಕೊಯ್ದ ಕಡೆ ಸೊನೆ ಒಸರುತ್ತದೆಯೇ ಎಂದು ನೋಡಿ. ಅಮೆರಿಕ ಮತ್ತು ಪೂರ್ವ ಏಷ್ಯಾದ ಕಾಡುಗಳಲ್ಲಿ ಬೆಳೆಯುವ ಲ್ಯಾಕ್ಟೇರಿಯಸ್ ಇಂಡಿಗೋ ಎಂಬ ಅಣಬೆ ಕಡು ನೀಲಿ ಸೊನೆ ಸುರಿಸುತ್ತದೆ, ಆ ಸೊನೆ ನಿಧಾನವಾಗಿ ಹಸಿರಾಗುತ್ತದೆ. ಎಂಟೊಲೋಮಾದಲ್ಲಿ ಸೊನೆಯಿಲ್ಲ. ವಾಸನೆಯನ್ನೂ ಬರೆದಿಡಿ, ನಿಮಗೆ ತೋಚಿದ ಮಾತಿನಲ್ಲೇ ಬರೆಯಿರಿ. ರುಚಿ ನೋಡುವ ಕೆಲಸ ಮಾತ್ರ ಬೇಡ.

ನೀಲಿಯಾಗಿರುವುದು ಬೇರೆ, ನೀಲಿಯಾಗುವುದು ಬೇರೆ

ಹೆಚ್ಚು ಗೊಂದಲವಾಗುವುದು ಇಲ್ಲಿ. ಕೆಲವು ಅಣಬೆಗಳು ಹುಟ್ಟಿನಿಂದ ನೀಲಿ. ಇನ್ನು ಕೆಲವು ಗಾಯವಾದಾಗ ಗಾಳಿಯ ಆಮ್ಲಜನಕ ತಾಗಿ ನೀಲಿಯಾಗುತ್ತವೆ. ಹಲವು ಬೊಲೀಟ್‌ಗಳು ಕೊಯ್ದ ಕೆಲವೇ ಕ್ಷಣಗಳಲ್ಲಿ ಹಳದಿಯಿಂದ ನೀಲಿಗೆ ತಿರುಗುತ್ತವೆ, ಅದನ್ನು ಮೊದಲ ಸಲ ನೋಡಿದವರು ಬೆರಗಾಗದೆ ಇರುವುದಿಲ್ಲ. ದನದ ಸಗಣಿ, ಆನೆಯ ಲದ್ದಿಯ ಮೇಲೆ ಬೆಳೆಯುವ ಕೆಲವು ಅಣಬೆಗಳೂ ಚಿವುಟಿದರೆ ನೀಲಿಯಾಗುತ್ತವೆ. ಅವುಗಳಲ್ಲಿರುವ ಸೈಲೋಸೈಬಿನ್ ಎಂಬ ಮತ್ತು ಬರಿಸುವ ದ್ರವ್ಯ 1985ರ ಮಾದಕ ವಸ್ತು ಕಾಯ್ದೆಯ ನಿಷೇಧದ ಪಟ್ಟಿಯಲ್ಲಿದೆ. ಅಂಥವನ್ನು ಕಿತ್ತು ತರಬೇಡಿ, ಇಟ್ಟುಕೊಳ್ಳಬೇಡಿ. ಆದ್ದರಿಂದ ಟಿಪ್ಪಣಿಯಲ್ಲಿ ಎರಡು ಸಾಲು ಬೇರೆಬೇರೆಯಾಗಿರಲಿ: ಮುಟ್ಟುವ ಮೊದಲಿನ ಬಣ್ಣ, ಮುಟ್ಟಿ ಹತ್ತು ನಿಮಿಷದ ಮೇಲಿನ ಬಣ್ಣ.

ನೀಲಿಯಾಗಿ ಕಂಡು ನಮ್ಮನ್ನು ದಾರಿತಪ್ಪಿಸುವ ಇನ್ನೂ ಕೆಲವು ಇವೆ. ಬಿದ್ದ ಕೊಂಬೆಯ ಅಡಿಯಲ್ಲಿ ಬಣ್ಣ ಬಳಿದಂತೆ ಹರಡಿರುವ ಕಡುನೀಲಿ ಪದರ ಟೆರಾನಾ ಎಂಬ ಶಿಲೀಂಧ್ರ. ಅದಕ್ಕೆ ಟೋಪಿಯೂ ಇಲ್ಲ, ದಂಟೂ ಇಲ್ಲ. ಕೊಳೆತ ಮರದ ಒಳಗೆಲ್ಲ ನೀಲಿಹಸಿರು ಬಣ್ಣ ಇಳಿದಿದ್ದರೆ ಅದು ಕ್ಲೋರೊಸಿಬೋರಿಯಾ ಎಂಬ ಶಿಲೀಂಧ್ರದ ಕೆಲಸ. ಹಾಗೆ ಬಣ್ಣ ಹಿಡಿದ ಮರವನ್ನು ಇಟಲಿಯ ಕುಶಲಕರ್ಮಿಗಳು ನೂರಾರು ವರ್ಷಗಳ ಹಿಂದೆಯೇ ಕೆತ್ತನೆಯ ಕುಸುರಿಗೆ ಬಳಸುತ್ತಿದ್ದರು. ಹಳಸಿದ ಯಾವುದೇ ಅಣಬೆಯ ಮೇಲೆ ನೀಲಿಹಸಿರು ಬೂಷ್ಟು ಕೂತಿರಬಹುದು, ಮಸೂರದಲ್ಲಿ ನೋಡಿದರೆ ಪುಡಿ ಕಾಣುತ್ತದೆ. ಇನ್ನು ಎಂಟೊಲೋಮಾ ಕುಲದೊಳಗೇ ನೀಲಿಗಪ್ಪು ಬಣ್ಣದ ಸಣ್ಣ ಅಣಬೆಗಳ ದೊಡ್ಡ ಗುಂಪೊಂದಿದೆ. ಅವುಗಳ ಟೋಪಿಯ ಮೇಲೆ ನೂಲುನೂಲಾದ ಅಥವಾ ಹೊಟ್ಟಿನಂಥ ರಚನೆ ಇರುತ್ತದೆ, ಕೆಲವದರಲ್ಲಿ ಗಿಲ್‌ಗಳ ಅಂಚು ಗೀಟೆಳೆದಂತೆ ಕಪ್ಪಾಗಿರುತ್ತದೆ. ಮಸೂರದಲ್ಲಿ ಆ ಅಂಚನ್ನು ನೋಡಲು ಮರೆಯಬೇಡಿ.

ಬೀಜಕ ಮುದ್ರೆ

ಇಡೀ ಗುರುತಿಸುವಿಕೆ ನಿಂತಿರುವುದು ಈ ಹೆಜ್ಜೆಯ ಮೇಲೆ. ಬೀಜಕಗಳೆಂದರೆ ಅಣಬೆ ಸಂತಾನಕ್ಕಾಗಿ ಗಿಲ್‌ಗಳಿಂದ ಉದುರಿಸುವ ಪುಡಿಯಂಥ ಸೂಕ್ಷ್ಮ ಕಣಗಳು, ಅವು ಬಿದ್ದು ಮೂಡಿಸುವ ಗುರುತೇ ಬೀಜಕ ಮುದ್ರೆ. ಬಲಿತ ಟೋಪಿಯೊಂದರ ದಂಟನ್ನು ಕತ್ತರಿಸಿ, ಗಿಲ್‌ಗಳು ಕೆಳಮುಖವಾಗುವಂತೆ ಇಡಬೇಕು. ಪುಸ್ತಕಗಳು ಕಾಗದದ ಮೇಲೆ ಇಡಲು ಹೇಳುತ್ತವೆ. ನಮ್ಮ ಮಳೆಗಾಲದ ಥಂಡಿಗೆ ಕಾಗದವೇ ಒದ್ದೆಯಾಗಿ ಬೂಷ್ಟು ಹಿಡಿಯುವುದರಿಂದ ಗಾಜಿನ ಚೂರು ವಾಸಿ. ಪ್ರಯೋಗಾಲಯದ ಗಾಜಿನ ಸ್ಲೈಡ್ ಸಿಕ್ಕರೆ ಇನ್ನೂ ಒಳ್ಳೆಯದು. ಮೇಲೆ ಒಂದು ಲೋಟವನ್ನು ಬೋರಲು ಹಾಕಿ ರಾತ್ರಿಯಿಡೀ ಬಿಡಿ. ಟೋಪಿ ಒಣಗಿದಂತಿದ್ದರೆ ಅದರ ನೆತ್ತಿಗೆ ಒಂದು ಹನಿ ನೀರು ಬಿಟ್ಟರೆ ಬೀಜಕಗಳು ಉದುರುತ್ತವೆ.

ಬೆಳಿಗ್ಗೆ ಗಾಜಿನ ಮೇಲೆ ಪುಡಿಯ ಗೆರೆಗಳು ಮೂಡಿರುತ್ತವೆ. ಗಾಜನ್ನು ಒಮ್ಮೆ ಬಿಳಿ ಕಾಗದದ ಮೇಲೆ, ಒಮ್ಮೆ ಕಪ್ಪು ಬಟ್ಟೆಯ ಮೇಲೆ ಇಟ್ಟು ಹಗಲು ಬೆಳಕಿನಲ್ಲಿ ನೋಡಿ. ತೆಳುವಾದ ಗುಲಾಬಿ ಮುದ್ರೆ ಬಿಳಿಯಂತೆಯೇ ಕಾಣುತ್ತದೆ. ಬ್ಲೇಡಿನಿಂದ ಪುಡಿಯನ್ನು ಒಂದೆಡೆ ಗುಡ್ಡೆ ಮಾಡಿದಾಗ ಅದರ ನಿಜ ಬಣ್ಣ ಹೊರಬರುತ್ತದೆ.

ಗುಲಾಬಿಯಾಗಿದ್ದರೆ ಎಂಟೊಲೋಮಾ ಇರಬಹುದು. ಗುಲಾಬಿಯೇ ಆಗಿದ್ದು ಗಿಲ್‌ಗಳು ದಂಟನ್ನು ಮುಟ್ಟದಿದ್ದರೆ ಪ್ಲೂಟಿಯಸ್ ಎಂಬ ಬೇರೆ ಕುಲವೆಂದು ಸಂಶಯಿಸಿ, ಅದು ಹೆಚ್ಚಾಗಿ ಮರದ ಮೇಲೆ ಬೆಳೆಯುತ್ತದೆ. ಬಿಳಿಯಾಗಿದ್ದು ಅಣಬೆ ತೀರಾ ಪುಟ್ಟದಾಗಿದ್ದರೆ ಮೈಸೀನಾ ಇರಬಹುದು. ತುಕ್ಕಿನ ಕಂದು ಬಣ್ಣವಾಗಿದ್ದು ಎಳೆಯ ಅಣಬೆಯಲ್ಲಿ ಟೋಪಿಯ ಅಂಚಿನಿಂದ ದಂಟಿಗೆ ಜೇಡರ ಬಲೆಯಂಥ ತೆರೆ ಇದ್ದರೆ ಕಾರ್ಟಿನೇರಿಯಸ್. ಕಪ್ಪು ನೇರಳೆ ಬಂದರೆ ಮೇಲೆ ಹೇಳಿದ ಸೈಲೋಸೈಬಿನ್ ಗುಂಪಿನ ಶಂಕೆ. ಹಸಿರು ಪುಡಿ ಬಂದರೆ ಅದು ಹುಲ್ಲುಹಾಸಿನಲ್ಲಿ ಬೆಳೆಯುವ ಕ್ಲೋರೊಫಿಲಮ್, ವಾಂತಿಭೇದಿ ಮಾಡಿಸುವ ಅಣಬೆ.

ಮುದ್ರೆಯನ್ನು ಒರೆಸಬೇಡಿ. ಗಾಜಿನ ಮೇಲೆ ಇನ್ನೊಂದು ಗಾಜು ಮುಚ್ಚಿ, ಕಾಗದದಲ್ಲಿ ಸುತ್ತಿ ಇಡಿ.

ಸೂಕ್ಷ್ಮದರ್ಶಕದ ಕೆಳಗೆ

ಹತ್ತಿರದ ಪದವಿಪೂರ್ವ ಅಥವಾ ಪದವಿ ಕಾಲೇಜಿನ ಸಸ್ಯಶಾಸ್ತ್ರ ವಿಭಾಗದಲ್ಲಿ 400 ಪಟ್ಟು ಹಿಗ್ಗಿಸುವ ಸೂಕ್ಷ್ಮದರ್ಶಕ ಇದ್ದೇ ಇರುತ್ತದೆ. ಉಪನ್ಯಾಸಕರನ್ನು ಕೇಳಿ, ವಿದ್ಯಾರ್ಥಿಗಳಿಗೂ ಅದೊಂದು ಪಾಠವಾಗುತ್ತದೆ. ಮುದ್ರೆಯ ಚಿಟಿಕೆ ಪುಡಿಯನ್ನು ಒಂದು ಹನಿ ನೀರಿನಲ್ಲಿ ಬೆರೆಸಿ ತೆಳುಗಾಜು ಮುಚ್ಚಿ ನೋಡಿದರೆ ಸಾಕು. ಹೆಚ್ಚಿನ ಅಣಬೆಗಳ ಬೀಜಕ ದುಂಡಗೆ ಅಥವಾ ಮೊಟ್ಟೆಯಾಕಾರ. ಎಂಟೊಲೋಮಾದ ಬೀಜಕಗಳಿಗೆ ಮೂಲೆಗಳಿರುತ್ತವೆ, ಯಾವ ಮಗ್ಗುಲಿನಿಂದ ನೋಡಿದರೂ ಕೋನಗಳು ಕಾಣುತ್ತವೆ. ಕುಲ ನಿರ್ಧಾರವಾಗುವುದು ಇಲ್ಲಿಯೇ. ಹಾಕ್‌ಸ್ಟೆಟೆರಿಯಲ್ಲಂತೂ ಬೀಜಕ ನಾಲ್ಕು ಮುಖದ್ದು. ನಿಮ್ಮ ಅಣಬೆಯ ಬೀಜಕಕ್ಕೆ ಐದಾರು ಕೋನಗಳಿದ್ದರೆ ಅದು ಎಷ್ಟೇ ನೀಲಿಯಾಗಿದ್ದರೂ ನ್ಯೂಜಿಲೆಂಡಿನ ಅಣಬೆಯಲ್ಲ. ಸೂಕ್ಷ್ಮದರ್ಶಕದ ಕಣ್ಣಿಗೆ ಮೊಬೈಲ್ ಹಿಡಿದು ಬೀಜಕಗಳ ಚಿತ್ರ ತೆಗೆದುಕೊಂಡು ಬನ್ನಿ.

ಪ್ರಭೇದದ ಹೆಸರನ್ನು ಇದರ ಮೇಲೆ ಹೇಳಲು ನಮ್ಮಂಥವರಿಗೆ ಆಗುವುದಿಲ್ಲ, ಅದಕ್ಕೆ ಡಿಎನ್‌ಎ ಹೋಲಿಕೆ ಬೇಕು. ‘ಎಂಟೊಲೋಮಾ, ನೀಲಿ ಗುಂಪು’ ಎಂದು ನಿಲ್ಲಿಸಿದರೆ ಅದು ಪ್ರಾಮಾಣಿಕ ಉತ್ತರ, ಉಪಯುಕ್ತ ಉತ್ತರವೂ ಹೌದು.

ತಿನ್ನುವ ಮಾತು

ತಿನ್ನಬಾರದು. ಎಂಟೊಲೋಮಾ ಸೈನುಯೇಟಮ್‌ನಂಥ ಪ್ರಭೇದಗಳು ವಿಷಕಾರಿ ಎಂಬುದು ಚೆನ್ನಾಗಿ ತಿಳಿದ ಸಂಗತಿ. ನಮ್ಮ ಹಿರಿಯರಿಗೆ ಹುತ್ತದ ಅಣಬೆಯ ಬಗ್ಗೆ ಇರುವ ತಿಳಿವಳಿಕೆ ದೊಡ್ಡದು, ಆದರೆ ಅದು ಅವರು ತಲೆಮಾರುಗಳಿಂದ ತಿಂದು ಬಲ್ಲ ಅಣಬೆಗಳಿಗೆ ಸಂಬಂಧಿಸಿದ್ದು. ಬೆಳ್ಳಿ ಕಪ್ಪಾಗದಿದ್ದರೆ ವಿಷವಿಲ್ಲ, ಹುಳು ತಿಂದದ್ದನ್ನು ಮನುಷ್ಯರೂ ತಿನ್ನಬಹುದು ಎಂಬ ಪರೀಕ್ಷೆಗಳು ಸುಳ್ಳು, ಅವನ್ನು ನಂಬಿ ಜೀವ ಕಳೆದುಕೊಂಡವರಿದ್ದಾರೆ. ಯಾರಾದರೂ ತಿಂದು ಅಸ್ವಸ್ಥರಾದರೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ, ಉಳಿದ ಅಣಬೆಯ ತುಂಡನ್ನೂ ಒಯ್ಯಿರಿ. ಮಾರಕ ಅಣಬೆಗಳ ವಿಷ ಆರು ಗಂಟೆ, ಕೆಲವೊಮ್ಮೆ ಹನ್ನೆರಡು ಗಂಟೆ ಕಳೆದ ಮೇಲೆ ತೋರಿಸಿಕೊಳ್ಳುತ್ತದೆ.

ಒಣಗಿಸಿ ಇಡುವುದು, ಕಳಿಸುವುದು

ಮುದ್ರೆಗೆ ಬಳಸದ ಅಣಬೆಯನ್ನು ಅದೇ ದಿನ ಒಣಗಿಸಲು ಹಾಕಬೇಕು, ಮರುದಿನಕ್ಕೆ ಹುಳ ಹಿಡಿಯುತ್ತದೆ. 40ರಿಂದ 45 ಡಿಗ್ರಿ ಸೆಲ್ಸಿಯಸ್ ಶಾಖ, ಜೊತೆಗೆ ಗಾಳಿಯಾಡುವಿಕೆ. ಹಣ್ಣು ಒಣಗಿಸುವ ಸಣ್ಣ ವಿದ್ಯುತ್ ಪೆಟ್ಟಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿ ಇಡಬೇಡಿ, ಹೊಗೆಯೂ ಹಿಡಿಯುತ್ತದೆ, ಶಾಖವೂ ಕೈಯಲ್ಲಿರುವುದಿಲ್ಲ. ಮುರಿದರೆ ಹಪ್ಪಳದಂತೆ ಸದ್ದು ಬರುವವರೆಗೆ ಒಣಗಿದ ಮೇಲೆ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ. ಒಳಗೆ ಒಂದು ಚೀಟಿ ಇರಲಿ: ದಿನಾಂಕ, ಊರು ಮತ್ತು ತಾಲ್ಲೂಕು, ಮೊಬೈಲ್ ತೋರಿಸಿದ ಅಕ್ಷಾಂಶ ರೇಖಾಂಶ, ಯಾವುದರ ಮೇಲೆ ಬೆಳೆದಿತ್ತು, ಸುತ್ತಲಿನ ಮರಗಳು, ಹಸಿಯಾಗಿದ್ದಾಗಿನ ಬಣ್ಣ, ಮುದ್ರೆಯ ಬಣ್ಣ, ಕಂಡವರ ಹೆಸರು. ಚಿತ್ರ, ಮುದ್ರೆ ಮತ್ತು ಡಬ್ಬಿ ಮೂರಕ್ಕೂ ಒಂದೇ ಸಂಖ್ಯೆ ಹಾಕಿ. ಚೀಟಿಯಿಲ್ಲದ ಒಣ ಅಣಬೆಗೆ ಯಾವ ಬೆಲೆಯೂ ಇಲ್ಲ.

ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗದಲ್ಲಿ ಶಿವಮೊಗ್ಗ ಜಿಲ್ಲೆಯ ಕಾಡಿನ ಅಣಬೆಗಳ ಅಧ್ಯಯನ ನಡೆದಿದೆ, ಮೊದಲು ಅಲ್ಲಿ ವಿಚಾರಿಸಿ. ಇರುವಕ್ಕಿಯಲ್ಲಿ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯವಿದೆ. ದೇಶದ ಮಟ್ಟದಲ್ಲಿ ಪುಣೆಯ ಅಗರ್ಕರ್ ಸಂಶೋಧನಾ ಸಂಸ್ಥೆಯಲ್ಲಿ ಒಣ ಶಿಲೀಂಧ್ರಗಳ ದೊಡ್ಡ ಸಂಗ್ರಹವಿದೆ. ಕಂಡ ಜೀವಿಗಳನ್ನು ದಾಖಲಿಸುವ ಐನ್ಯಾಚುರಲಿಸ್ಟ್ ಜಾಲತಾಣಕ್ಕೆ ಚಿತ್ರಗಳನ್ನು ಏರಿಸುವುದೂ ಒಳ್ಳೆಯದೇ, ಆದರೆ ನಿಖರ ಸ್ಥಳವನ್ನು ಎಲ್ಲರಿಗೂ ಕಾಣದಂತೆ ಮರೆಮಾಡುವ ಆಯ್ಕೆಯನ್ನು ಬಳಸಿ. ಜನ ನುಗ್ಗಿ ತುಳಿದರೆ ತರಗೆಲೆಯಡಿಯ ಬೂಷ್ಟುನೂಲಿನ ಜಾಲಕ್ಕೆ ಪೆಟ್ಟು ಬೀಳುತ್ತದೆ, ಅಣಬೆ ಏಳುವುದು ಆ ಜಾಲದಿಂದಲೇ.

ಹೊರದೇಶದ ತಜ್ಞರು ಚಿತ್ರ ನೋಡಿ ಮಾದರಿ ಕಳಿಸಿ ಎಂದು ಕೇಳಬಹುದು. ಅಂಚೆಗೆ ಹಾಕಬೇಡಿ. 2002ರ ಜೈವಿಕ ವೈವಿಧ್ಯ ಕಾಯ್ದೆಯ ಪ್ರಕಾರ ಅದಕ್ಕೆ ಚೆನ್ನೈನಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಒಪ್ಪಿಗೆ ಬೇಕು, ಆ ವ್ಯವಹಾರವನ್ನು ಇಲ್ಲಿಯ ಸಂಸ್ಥೆಯ ಮೂಲಕವೇ ಮಾಡಬೇಕು. ಇಲ್ಲಿಯ ಸಂಸ್ಥೆಗೆ ಕೊಡುವಾಗಲೂ ಇಡೀ ಮಾದರಿಯನ್ನು ಕೊಟ್ಟುಬಿಡದೆ ಅರ್ಧ ತುಂಡನ್ನು ಅದೇ ಸಂಖ್ಯೆಯ ಚೀಟಿಯೊಡನೆ ನಿಮ್ಮಲ್ಲಿ ಉಳಿಸಿಕೊಳ್ಳಿ, ಪರೀಕ್ಷೆ ಕೈಕೊಟ್ಟರೆ ಎರಡನೆಯ ಸಲಕ್ಕೆ ಅದು ಬೇಕಾಗುತ್ತದೆ.